ದೀಪವಿಲ್ಲದ ಎಂಜಿನ್

ಮಾರ್ಚ್ 4, ಮಂಗಳವಾರ

ಇವರನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಬಲಗೈಗೆ ಬೆರಳ ತುದಿಯಿಂದ ಮೊಣಕೈವರೆಗೆ ಬ್ಯಾಂಡೇಜು. ಎಡ ಅಂಗೈಗೆ ಚಿಕ್ಕದೊಂದು ಪಟ್ಟಿ, ಆ ಕೈಯ ಬೆರಳುಗಳು ಆಡುತ್ತವೆ. ದಿನ ಬಿಟ್ಟು ದಿನ ಡ್ರೆಸ್ಸಿಂಗಿಗೆ ಹೋಗಬೇಕು.

ಬಟ್ಟೆಯ ಅಳತೆ ಬರೆಯುವ ಪುಸ್ತಕವನ್ನು ತಿರುಗಿಸಿ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಎಲ್ಲಾದರೂ ಹೇಳಿಕೊಳ್ಳದಿದ್ದರೆ ತಲೆ ಕೆಡುತ್ತದೆ. ಮನೆಯಲ್ಲಿ ಹೇಳಿಕೊಳ್ಳಲು ಇರುವವರು ಇಬ್ಬರು. ಒಬ್ಬರು ಗಂಡ, ಇನ್ನೊಬ್ಬರು ಗಂಡನ ಅಮ್ಮ.

ಲೈನ್‌ಮನ್ ಹೆಂಡತಿಗೆ ಹೆದರಿಕೆ ಹೊಸದಲ್ಲ. ಗಾಳಿ ಜೋರಾಗಿ ಬೀಸಿದ ದಿನ ಇವರು ಬರುವವರೆಗೆ ಸೂಜಿಗೆ ದಾರ ಹೋಗುತ್ತಿರಲಿಲ್ಲ. ಆದರೆ ಹೊಸಿಲ ಬಳಿ ಇವರ ಬೂಟಿನ ಸದ್ದು ಕೇಳಿದ ಕೂಡಲೇ ಆ ಹೆದರಿಕೆ ಇಳಿದುಹೋಗುತ್ತಿತ್ತು. ಈಗ ಇವರು ಮನೆಯಲ್ಲೇ ಇದ್ದಾರೆ, ಅದು ಮಾತ್ರ ಇಳಿಯುತ್ತಿಲ್ಲ. ಕೈ ಸುಟ್ಟ ದಿನ ಲೈನು ಆಫ್ ಮಾಡಿಸಿಯೇ ಕಂಬ ಹತ್ತಿದ್ದರು. ಯಾರದೋ ಮನೆಯ ಜನರೇಟರಿನಿಂದ ಕರೆಂಟು ಹಿಂದಕ್ಕೆ ಹರಿದು ತಂತಿಗೆ ಬಂತು. ಸೊಂಟದ ಬೆಲ್ಟು ಇದ್ದದ್ದರಿಂದ ಕೆಳಗೆ ಬೀಳಲಿಲ್ಲ. ಜೊತೆಗಿದ್ದ ಕೊಕ್ಕರೆ ಹತ್ತಿ ಇಳಿಸಿಕೊಂಡ. ಅವನ ಕಾಲು ಉದ್ದ ಅಂತ ಆಫೀಸಿನಲ್ಲಿ ಎಲ್ಲರೂ ಅವನನ್ನು ಕರೆಯುವುದೇ ಹಾಗೆ.

ಅಂದಿನಿಂದ ನಾನು ಒಂದು ಸ್ವಿಚ್ಚನ್ನೂ ಕೈಯಿಂದ ಮುಟ್ಟಿಲ್ಲ. ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಮರದ ಸೌಟಿನ ಹಿಡಿಯಿಂದ ಒತ್ತುತ್ತೇನೆ. ಅತ್ತೆ ನೋಡಿ, "ಸೌಟು ಹಿಡ್ಕೊಂಡು ಲೈಟು ಹಾಕೋ ಸೊಸೇನ ನಾನೆಲ್ಲೂ ಕಂಡಿಲ್ಲಮ್ಮ. ಹಾಲು ಕಾಯಿಸ್ತೀಯೋ ಬಲ್ಬು ಕಾಯಿಸ್ತೀಯೋ?" ಅಂದರು. ನಗು ಬರಲಿಲ್ಲ.

ಮಾರ್ಚ್ 6, ಗುರುವಾರ

ಕೊಕ್ಕರೆ ನೋಡಲು ಬಂದಿದ್ದ. ಇವರು ಒಳಗಿನಿಂದಲೇ, "ಮಲಗಿದ್ದಾರೆ ಅನ್ನು" ಅಂದರು. ಕಣ್ಣು ಬಿಟ್ಟುಕೊಂಡು ಗೋಡೆ ನೋಡುತ್ತಿದ್ದವರು. ಜೀವ ಉಳಿಸಿದವನಿಗೆ ಬಾಗಿಲಲ್ಲೇ ಸುಳ್ಳು ಹೇಳಿ ಕಳಿಸಿದೆ. ಅವನು ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

ಮಧ್ಯಾಹ್ನ ಆಫೀಸಿನ ದೊಡ್ಡವರ ಫೋನು. ಇವರ ಕಿವಿಗೆ ನಾನೇ ಹಿಡಿದಿದ್ದೆ. "ಕೈ ವಾಸಿ ಆಗ್ಲಿ ಸಾರ್, ಮೊದಲಿನ ಥರಾನೇ ಹತ್ತುತೀನಿ. ನಂಗೇನಾಗಿದೆ?" ಅಂದರು. ಈ ಕೈ ಇನ್ನೊಮ್ಮೆ ತಂತಿ ಮುಟ್ಟುವುದಕ್ಕೆ ನಾನು ಬಿಡುವುದಿಲ್ಲ. ಹೇಗೆ ತಡೆಯುತ್ತೇನೋ ಗೊತ್ತಿಲ್ಲ.

ಸೆಖೆಗೆ, "ಅಮ್ಮಾ, ಫ್ಯಾನ್ ಹಾಕು" ಎಂದು ಅಡುಗೆಮನೆಯಲ್ಲಿದ್ದ ಅತ್ತೆಯನ್ನು ಕೂಗಿದರು. ಸ್ವಿಚ್ಚು ಮಂಚದ ಪಕ್ಕದಲ್ಲೇ ಇದೆ, ಎಡಗೈ ಚಾಚಿದರೆ ಸಿಗುತ್ತದೆ. ಪಾಪ, ಅಷ್ಟು ನೋವಿರಬೇಕು.

ಮಾರ್ಚ್ 9, ಭಾನುವಾರ

ಡ್ರೆಸ್ಸಿಂಗ್ ಮಾಡುವ ನರ್ಸ್ ನನ್ನನ್ನು ಹೊರಗೆ ಕರೆದು ಹೇಳಿದ್ದರು: "ಸುಮ್ನೆ ಕೂರಿಸಬೇಡಿ. ಸುಮ್ನೆ ಕೂತ್ರೆ ಮನುಷ್ಯ ತನ್ನನ್ನೇ ತಿಂದ್ಕೋತಾನೆ."

ಹಾಗಾಗಿ ಇವತ್ತು ಇವರನ್ನು ರೈಲಿನ ಕೋಣೆಗೆ ಕರೆದುಕೊಂಡು ಹೋದೆ. ಕೋಣೆ ಅಂದರೆ ಸಾಮಾನು ತುಂಬಿಡುತ್ತಿದ್ದ ಪುಟ್ಟ ಜಾಗ. ನಾಲ್ಕೂ ಗೋಡೆಗೆ ಎದೆಯೆತ್ತರಕ್ಕೆ ಹಲಗೆ ಹೊಡೆದು ಅದರ ಮೇಲೆ ಇವರು ಆಟದ ರೈಲಿಗೆ ಹಳಿ ಕೂರಿಸಿದ್ದಾರೆ. ಹಳಿಯ ಅಗಲ ನನ್ನ ಹೆಬ್ಬೆರಳಿನಷ್ಟು. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲೂ ಡಿಕೋಡರ್ ಅಂತ ಉಗುರಿನಷ್ಟಗಲದ ಚಿಪ್ ಇದೆ. ಕೈಯಲ್ಲಿ ಹಿಡಿಯುವ ಕಂಟ್ರೋಲರಿನಲ್ಲಿ ಯಾವ ಎಂಜಿನ್ನಿನ ನಂಬರು ಒತ್ತುತ್ತೇವೋ ಅದೊಂದೇ ಓಡುತ್ತದೆ, ಉಳಿದವು ಹಳಿಯ ಮೇಲೆ ಕರೆಂಟು ಇದ್ದರೂ ಕದಲುವುದಿಲ್ಲ. ಇದನ್ನೆಲ್ಲ ಇವರು ಮದುವೆಯಾದ ಹೊಸದರಲ್ಲಿ ವಿವರಿಸಿದ್ದರು. ನಾನು ಹೂಂಗುಟ್ಟುತ್ತಾ ಕಾಜಾ ಹೊಲಿಯುತ್ತಿದ್ದೆ.

ಹಸಿರು ಎಂಜಿನ್ನನ್ನು ನೋಡುತ್ತಾ ನಿಂತರು. "ಇದೊಂದಕ್ಕೇ ದೀಪ ಇಲ್ಲ. ಹೀಗಾದ ವಾರವೇ ಹಾಕೋಣ ಅಂತಿದ್ದೆ. ಸಾಮಾನೆಲ್ಲ ತಂದಿಟ್ಟಾಗಿದೆ." ಆಮೇಲೆ ನನ್ನ ಕಡೆ ತಿರುಗಿ, "ನೀನು ಹಾಕ್ತೀಯಾ?"

"ನಾನಾ? ಸ್ವಿಚ್ಚೇ ಮುಟ್ಟದವಳು!"

"ನಾನು ಹೇಳ್ತೀನಿ, ನೀನು ಮಾಡು. ಕೂದಲಿನಷ್ಟು ದಾರ ಪೋಣಿಸೋ ಕೈ ನಿಂದು. ಹಳೀಲಿ ಇರೋ ಕರೆಂಟು ಇರುವೆ ಕಚ್ಚಿದಷ್ಟೂ ಇಲ್ಲ ಕಣೆ."

ಕಂಬದ ಮೇಲೂ ಕರೆಂಟಿಲ್ಲ ಅಂತಲೇ ಹತ್ತಿದ್ದಿರಲ್ಲ, ಎಂದು ಬಾಯಿಗೆ ಬಂತು. ನುಂಗಿಕೊಂಡೆ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು ಹಾಕಿಕೊಂಡು ಬಂದು ಎಂಜಿನ್ನನ್ನು ಎತ್ತಿದೆ. ಇವರು ನೋಡಿದರು, ತುಟಿ ಬಿಗಿ ಹಿಡಿದರು, ತಡೆಯಲಾಗದೆ ನಕ್ಕರು. ಆಸ್ಪತ್ರೆ ಸೇರಿದ ಮೇಲೆ ಮೊದಲ ನಗು. ಆ ನಗುವಿಗಾಗಿ ಗ್ಲೌಸು ಹಾಕಿಕೊಂಡೇ ತುಂಬ ಹೊತ್ತು ಕೂತಿದ್ದೆ, ಏನೂ ಮಾಡದೆ.

ಮಾರ್ಚ್ 13, ಗುರುವಾರ

ಎಂಜಿನ್ನಿನ ಹೊಟ್ಟೆಯ ಸ್ಕ್ರೂ ಬಿಚ್ಚಿ ಮೇಲಿನ ಚಿಪ್ಪು ತೆಗೆದೆವು. ತೆಗೆದೆವು ಅಂದರೆ ನಾನು ತೆಗೆದೆ, ಇವರು ಬೈದರು. ಒಳಗೆ ಬಣ್ಣಬಣ್ಣದ ತಂತಿಗಳು. ಕೆಂಪು, ಕಪ್ಪು ಹಳಿಯಿಂದ ಕರೆಂಟು ತರುತ್ತವೆ. ಕಿತ್ತಳೆ, ಬೂದಿ ಬಣ್ಣದವು ಮೋಟಾರಿಗೆ. ಬಿಳಿ, ಹಳದಿ, ನೀಲಿ ಮಾತ್ರ ಕೆಲಸವಿಲ್ಲದೆ ಸುರುಳಿ ಸುತ್ತಿಕೊಂಡು ಒಂದು ಮೂಲೆಯಲ್ಲಿ ಬಿದ್ದಿದ್ದವು. ಬಿಳಿಯದು ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ, ನೀಲಿ ಎರಡಕ್ಕೂ.

ಗ್ಲೌಸಿನಲ್ಲಿ ಇಷ್ಟು ಸಣ್ಣ ತಂತಿ ಹಿಡಿಯಲು ಬರುವುದಿಲ್ಲ. ತೆಗೆದಿಟ್ಟೆ.

ಎಲ್‌ಇಡಿ ದೀಪ ಜೋಳದ ಕಾಳಿಗಿಂತ ಚಿಕ್ಕದು, ಅದಕ್ಕೆ ಎರಡು ಕಾಲು. ಗಡಿಯಾರಕ್ಕೆ ಹಾಕುವ ಬಿಲ್ಲೆಯಂಥ ಬ್ಯಾಟರಿಯ ಎರಡು ಬದಿಗೆ ಆ ಕಾಲುಗಳನ್ನು ಒತ್ತಿ ಹಿಡಿ ಅಂದರು. ಕಣ್ಣು ಮುಚ್ಚಿಕೊಂಡು ಒತ್ತಿದೆ. "ಕಣ್ಣು ಬಿಡೇ, ಉರೀತಿದೆ" ಅಂದರು. ನನ್ನ ಎರಡು ಬೆರಳ ನಡುವೆ ದೀಪ ಉರಿಯುತ್ತಿತ್ತು. ಬಿಸಿ ಇಲ್ಲ, ಜುಮ್ ಅನ್ನುವುದಿಲ್ಲ. ಆದರೂ ಬೆವರಿದ್ದೆ.

ಇದಕ್ಕೆ ಹಳಿಯ ಕರೆಂಟನ್ನು ನೇರವಾಗಿ ಕೊಟ್ಟರೆ ಸುಟ್ಟುಹೋಗುತ್ತದಂತೆ. ನಡುವೆ ರೆಸಿಸ್ಟರ್ ಅಂತ ಒಂದು ಸಣ್ಣ ಕಡ್ಡಿ ಇರಬೇಕು. "ಅದೇನು ಮಾಡತ್ತೆ?" ಎಂದು ಕೇಳಿದೆ. "ಅಮ್ಮ ಇದ್ದ ಹಾಗೆ. ಬಾಗಿಲಲ್ಲಿ ಕೂತಿರತ್ತೆ, ಎಲ್ಲರನ್ನೂ ಒಟ್ಟಿಗೆ ಒಳಗೆ ನುಗ್ಗೋಕೆ ಬಿಡಲ್ಲ."

"ನನ್ನ ಹೆಸರು ಕೇಳಿಸ್ತಲ್ಲ" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು.

ಮಾರ್ಚ್ 14, ಶುಕ್ರವಾರ

ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಕಪ್ಪಾಗಿವೆ. ಬ್ಯಾಂಡೇಜು ಬಿಚ್ಚಿದಾಗ ವಾಸನೆಗೆ ನರ್ಸ್ ಡಾಕ್ಟರನ್ನು ಕರೆದರು. ಡಾಕ್ಟರು ನೋಡಿದರು. ತೆಗೆಯಬೇಕಂತೆ. ತಡ ಮಾಡಿದರೆ ಅಂಗೈಗೂ ಹತ್ತಬಹುದಂತೆ. ಸೋಮವಾರ.

ಇವರು, "ಸರಿ" ಅಂದರು, ಅಂಗಡಿಯಲ್ಲಿ ಬಟ್ಟೆ ಆರಿಸಿದವರ ಹಾಗೆ. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತೆ.

ಮಾರ್ಚ್ 17, ಸೋಮವಾರ

ಆಯಿತು. ಎರಡೇ. ಅಂಗೈ ಉಳಿಯಿತು ಅಂದರು. ಒಳಗೆ ಕರೆದುಕೊಂಡು ಹೋದಮೇಲೆ ಬಾಗಿಲ ಮೇಲಿನ ಕೆಂಪು ದೀಪ ಆರುವವರೆಗೆ ನಾನೂ ಅತ್ತೆಯೂ ಅದನ್ನೇ ನೋಡುತ್ತಾ ಕೂತಿದ್ದೆವು. ಅತ್ತೆ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದರು. ಆಮೇಲೆ ನೋಡಿದರೆ ಅದು ಒದ್ದೆಯಾಗಿತ್ತು.

ಮಾರ್ಚ್ 23, ಭಾನುವಾರ

ಇವರು ಬಂದವರಿಗೆಲ್ಲ, "ಮೂರು ಬೆರಳು ಸಾಕು ಕಂಬ ಹತ್ತೋಕೆ, ಬೆಕ್ಕಿಗೆ ಒಂದೂ ಇಲ್ಲ, ಹತ್ತಲ್ವಾ?" ಎಂದು ನಗಾಡುತ್ತಾರೆ. ಅವರು ಹೋದಮೇಲೆ ಗೋಡೆ. ಕೊಕ್ಕರೆ ಮೂರನೇ ಸಲ ಬಂದ, ಮೂರನೇ ಸಲವೂ ಮಲಗಿದ್ದಾರೆ ಅಂದೆ. "ಬಿಡಿ ಅತ್ತಿಗೆ, ಎದ್ದಾಗ ಹೇಳಿ" ಎಂದು ಹಣ್ಣು ಕೊಟ್ಟುಹೋದ. ಅವನಿಗೆ ಗೊತ್ತಾಗಿದೆ.

ನಾನೇ ಎಂಜಿನ್ನನ್ನು ಮಂಚದ ಪಕ್ಕಕ್ಕೆ ತಂದು, "ಮುಂದೇನು ಮಾಡ್ಲಿ?" ಅಂದೆ. ಇವರು ಗೋಡೆ ನೋಡುತ್ತಲೇ, "ಬೆಸುಗೆ ಹಾಕ್ಬೇಕು. ಬೇಡ, ಬಿಡು" ಅಂದರು.

ಬಿಡಲಿಲ್ಲ.

ಮಾರ್ಚ್ 27, ಗುರುವಾರ

ಬೆಸುಗೆ ಹಾಕುವ ಕಾವಿನ ಕಡ್ಡಿಯನ್ನು ಪ್ಲಗ್ಗಿಗೆ ಚುಚ್ಚಿದರೆ ಫ್ಯೂಸು ಹೋಯಿತು. ಮನೆಯೆಲ್ಲ ತೆಪ್ಪಗಾಯಿತು. ಇವರು ಮಂಚದ ಮೇಲಿಂದಲೇ ಹೇಳುತ್ತಾ ಹೋದರು, ನಾನು ಮೈನ್ ಇಳಿಸಿ ಫ್ಯೂಸಿಗೆ ಹೊಸ ತಂತಿ ಕಟ್ಟಿ ಹಾಕಿದೆ. ಅದರಲ್ಲೇ ಅರ್ಧ ಗಂಟೆ ಹಾಳು, ತುಂಬ ಸಿಟ್ಟು ಬಂತು. ಯಾರದೋ ಕೋಟಿನ ತೋಳು ಗಿಡ್ಡ ಮಾಡಬೇಕಿತ್ತು, ಅದೂ ಉಳಿಯಿತು.

ಬೆಸುಗೆ ಮಾತ್ರ ಹೊಲಿಗೆಯ ಹಾಗೇ ಇದೆ. ತಾಳ್ಮೆ ಇದ್ದರೆ ಬರುತ್ತದೆ. ತಂತಿಗೆ ಕಾವು ಕೊಟ್ಟು ಕಾಯಬೇಕು, ಸೀಸ ತಾನಾಗಿ ಕರಗಿ ಒಳಗೆ ಇಳಿಯುತ್ತದೆ. ಅವಸರ ಮಾಡಿದರೆ ಮೊಸರಿನ ಗಡ್ಡೆಯ ಹಾಗೆ ಮೇಲೆ ಕೂರುತ್ತದೆ, ಎಳೆದರೆ ಕಿತ್ತು ಬರುತ್ತದೆ. ತೋರುಬೆರಳು ಸುಟ್ಟುಕೊಂಡೆ. ಇವರಿಗೆ ಕಾಣದಂತೆ ಬಾಯಲ್ಲಿಟ್ಟುಕೊಂಡೆ. ಇವರ ಎದುರು ಸುಟ್ಟ ಬೆರಳು ತೋರಿಸುವುದೇ?

ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್ಲಿನಿಂದ ಎಂಜಿನ್ನಿನ ಹಣೆಗೆ ತೂತು ಕೊರೆದು ದೀಪ ಕೂರಿಸಿದೆ. ಹಿಂದೆಯೂ ಒಂದು.

"ಇನ್ನೊಂದು ಚೂರು ಎಡಕ್ಕೆ. ಅಯ್ಯೋ, ನಿನ್ನ ಎಡ ಅಲ್ಲ, ಎಂಜಿನ್ ಎಡ!"

"ಎಂಜಿನ್ನಿಗೆ ಎಡ ಬಲ ಗೊತ್ತಿದ್ರೆ ಅದೇ ಕೊರ್ಕೊಳ್ಳಲಿ."

ಅತ್ತೆ ಬಾಗಿಲಲ್ಲಿ ನಿಂತು ನೋಡಿ ಹೋದರು.

ಮಾರ್ಚ್ 30, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಊಟವಾದ ಮೇಲೆ ಎಂಜಿನ್ನನ್ನು ಹಳಿಗೆ ಇಟ್ಟೆವು. ತಂತಿಗಳೆಲ್ಲ ಒಳಗೆ ಹಿಡಿಸಲೆಂದು ನಾನು ರೆಸಿಸ್ಟರಿನ ಕಾಲುಗಳನ್ನು ಮಡಚಿ ಒತ್ತಿದ್ದೆ. ಆಚೆ ಕಾಲು ಈಚೆ ಕಾಲು ಒಂದನ್ನೊಂದು ಮುಟ್ಟಿಕೊಂಡಿದ್ದವು. ಬಾಗಿಲಲ್ಲಿ ಕೂತವರನ್ನು ದಾಟಿ ಕರೆಂಟು ಒಳನುಗ್ಗುವ ಹಾಗೆ ನಾನೇ ಹಾದಿ ಮಾಡಿಕೊಟ್ಟಿದ್ದೆ. ಆಗ ಅದು ಗೊತ್ತಾಗಲಿಲ್ಲ. ಇವರು ಸ್ಟೂಲಿನ ಮೇಲೆ ಹಲಗೆಗೆ ಬಗ್ಗಿ ಕೂತಿದ್ದರು, ಮುಖ ಎಂಜಿನ್ನಿನ ಹತ್ತಿರ. ನಾನು ಕಂಟ್ರೋಲರಿನ ದೀಪದ ಗುಂಡಿ ಒತ್ತಿದೆ.

ಫಳಕ್ ಎಂದು ನೀಲಿ ಬೆಳಕು. ಟಪ್ ಎಂದು ಸದ್ದು. ಸುಟ್ಟ ವಾಸನೆ.

ಅಷ್ಟೇ. ಸಾಸಿವೆ ಸಿಡಿದಷ್ಟೇ.

ತಿರುಗಿ ನೋಡಿದರೆ ಇವರು ಸ್ಟೂಲಿನ ಮೇಲಿಲ್ಲ. ಹಲಗೆಯ ಕೆಳಗೆ ಮೂಲೆಯಲ್ಲಿ ಮುದುಡಿ ಕೂತು, ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡಿದ್ದರು. ಬಾಯಿ ತೆರೆದಿದ್ದರೂ ದನಿ ಬರುತ್ತಿರಲಿಲ್ಲ. ನಾನು ಹತ್ತಿರ ಹೋದರೆ, "ಆಫ್ ಮಾಡು, ಆಫ್ ಮಾಡು, ಆಫ್ ಮಾಡು" ಅನ್ನುತ್ತಿದ್ದರು. ಆಫ್ ಮಾಡಿ ಆಗಿತ್ತು. ಪ್ಲಗ್ಗು ಕಿತ್ತು ತಂದು ಕೈಯಲ್ಲಿ ಹಿಡಿದು ತೋರಿಸಿದೆ. ನಂಬಲಿಲ್ಲ. ನಾನೂ ಕೆಳಗೆ ತೂರಿ ಪಕ್ಕದಲ್ಲಿ ಕೂತೆ. ಉಸಿರು ಸರಿಯಾಗುವವರೆಗೆ ಹಾಗೇ ಕೂತಿದ್ದೆವು.

ಆಮೇಲೆ ಇವರೇ ಹೇಳಿದರು, ನನ್ನ ಮುಖ ನೋಡದೆ. "ಕಂಬದ ಮಾತು ಬಿಡು. ಫ್ಯಾನಿನ ಸ್ವಿಚ್ ಕಂಡ್ರೂ ಎದೆ ಹೊಡ್ಕೊಳ್ಳತ್ತೆ. ಅದಕ್ಕೇ ಅಮ್ಮನ್ನ ಕರೀತೀನಿ."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಸೌಟು ಹಿಡ್ಕೊಂಡು ಓಡಾಡ್ತಿದ್ದೆ. ಮನೇಲಿ ಒಬ್ಬರಾದ್ರೂ ಧೈರ್ಯವಾಗಿರಬೇಕಲ್ಲ."

ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಈಗ. ಇಷ್ಟು ದಿನ ಇವರು ಮತ್ತೆ ಕಂಬ ಹತ್ತಿಬಿಡುತ್ತಾರೆ ಅಂತ ಹೆದರಿದ್ದೆ. ಇವರು ಇನ್ನು ಹೀಗೇ ಇದ್ದುಬಿಟ್ಟರೆ ಅನ್ನುವುದನ್ನು ಯೋಚಿಸಿಯೇ ಇರಲಿಲ್ಲ.

ಮಾರ್ಚ್ 31, ಸೋಮವಾರ

ರೈಲಿನ ಕೋಣೆಯ ಬಾಗಿಲು ಹಾಕಿದೆ.

ಏಪ್ರಿಲ್ 9, ಬುಧವಾರ

ಕೊಕ್ಕರೆ ಬಂದ. ನಾನು ಮಲಗಿದ್ದಾರೆ ಅನ್ನಲಿಲ್ಲ. "ಎದ್ದಿದ್ದಾರೆ, ಬನ್ನಿ" ಎಂದು ನೇರವಾಗಿ ಒಳಗೆ ಕರೆದುಕೊಂಡು ಹೋದೆ. ಇವರು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ನೋಡಲಿ.

ಅವನು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಮೊಣಕಾಲು ಗದ್ದಕ್ಕೆ ತಾಗುವಷ್ಟು ಉದ್ದ ಕಾಲು. ಚಹಾ ತರುವವರೆಗೆ ಇಬ್ಬರೂ ಆಫೀಸಿನ ಜೀಪಿನ ವಿಷಯ ಮಾತಾಡಿದರು. ಲೋಟ ಕೊಡುವಾಗ ಕೊಕ್ಕರೆ ಹೇಳುತ್ತಿದ್ದ: "ಅವತ್ತಿನಿಂದ ನಂಗೆ ಕಂಬದ ಮೇಲೆ ಎಡಗಾಲು ನಡುಗತ್ತೆ ಅಣ್ಣ. ಕೆಳಗೆ ನಿಂತವರಿಗೆ ಕಾಣಬಾರದು ಅಂತ ಕಂಬಕ್ಕೆ ಒತ್ತಿ ಹಿಡೀತೀನಿ."

ಇವರು, "ನೀನಾ?" ಅಂದರು.

"ನಾನೇ. ನೀವು ಹತ್ತುತೀನಿ ಹತ್ತುತೀನಿ ಅಂತ ಫೋನಲ್ಲಿ ಹೇಳಿದ್ದು ಎಲ್ಲರಿಗೂ ಗೊತ್ತು. ನಂಗೆ ನಿದ್ದೆ ಬರಲಿಲ್ಲ. ಅಷ್ಟಾದಮೇಲೂ ಭಯ ಇಲ್ಲದವನ ಜೊತೆ ನಾನು ಕಂಬ ಹತ್ತಲ್ಲ ಅಣ್ಣ. ನೇರವಾಗಿ ಹೇಳೋಕೇ ಬರ್ತಿದ್ದೆ, ನೀವು ಮಲಗೇ ಇರ್ತಿದ್ರಿ."

ಇವರು ಲೋಟ ಕೆಳಗಿಟ್ಟು, "ಅವತ್ತು ಕಂಬದ ಮೇಲೆ ನಾನು ಅಮ್ಮಾ ಅಂತ ಕಿರುಚಿದ್ನಾ?" ಎಂದು ಕೇಳಿದರು.

"ಕಿರುಚಿದ್ರಿ. ನಿಮಗಿಂತ ಜೋರಾಗಿ ನಾನು ಕಿರುಚಿದೆ."

ನಾನು ಅಡುಗೆಮನೆಗೆ ಬಂದುಬಿಟ್ಟೆ. ಅತ್ತೆ ಅಲ್ಲಿ ಗೋಡೆಗೆ ಒರಗಿ ನಿಂತಿದ್ದರು, ಎಲ್ಲ ಕೇಳಿಸಿಕೊಂಡು.

ಏಪ್ರಿಲ್ 12, ಶನಿವಾರ

ಬಾಗಿಲು ತೆಗೆದೆ. ಸುಟ್ಟ ದೀಪ ಕಿತ್ತು ಹೊಸದು ಹಾಕಿದೆ. ಡಿಕೋಡರಿಗೆ ಏನೂ ಆಗಿಲ್ಲ, ನಮ್ಮ ಪುಣ್ಯ. ರೆಸಿಸ್ಟರಿನ ಒಂದೊಂದು ಕಾಲಿಗೂ ಪುಟ್ಟ ರಬ್ಬರ್ ಕೊಳವೆ ತೊಡಿಸಿ, ಮಗುವಿಗೆ ಕಾಲುಚೀಲ ಹಾಕಿದ ಹಾಗೆ, ಮಡಚಿ ಕೂರಿಸಿದೆ. ಇವರು ಹೊಸಿಲ ಹೊರಗೆ ನಿಂತು ಹೇಳಿಕೊಟ್ಟರು. ಒಳಗೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಒಬ್ಬಳೇ ಗುಂಡಿ ಒತ್ತಿ ನೋಡಿದೆ. ದೀಪ ಉರಿಯಿತು.

ಏಪ್ರಿಲ್ 20, ಭಾನುವಾರ

ಬಲಗೈಯ ಪಟ್ಟಿ ಪೂರ್ತಿ ತೆಗೆದಿದ್ದಾರೆ. ಹೊಸ ಚರ್ಮ ಗುಲಾಬಿ ಬಣ್ಣ, ಇಲಿಮರಿಯ ಹಾಗೆ. ಇವರು ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾರೆ.

ಮಧ್ಯಾಹ್ನ ಕಿಟಕಿಗೆ ದಪ್ಪ ಪರದೆ ಎಳೆದು ಕತ್ತಲು ಮಾಡಿದೆ. ಇವರು ಒಳಗೆ ಬಂದು ಬಾಗಿಲ ಪಕ್ಕ ನಿಂತರು. ಅತ್ತೆ ಸ್ಟೂಲಿನ ಮೇಲೆ. ನಾನು ಎಂಜಿನ್ನನ್ನು ಓಡಿಸಿದೆ. ಹಣೆಯ ದೀಪದಿಂದ ಮುಂದಿನ ಹಳಿ ಎರಡು ಬೆಳ್ಳಿ ದಾರದ ಹಾಗೆ ಹೊಳೆಯಿತು. ಹಿಂದಕ್ಕೆ ಓಡಿಸಿದರೆ ಮುಂದಿನ ದೀಪ ಆರಿ ಹಿಂದಿನದು ಹತ್ತುತ್ತದೆ. ಅತ್ತೆ, "ಅಯ್ಯ, ಇದಕ್ಕೆ ಬೆನ್ನಲ್ಲೂ ಕಣ್ಣು!" ಅಂದರು.

ಮೂಲೆಯ ತಿರುವಿನಲ್ಲಿ ಎಂಜಿನ್ ನಿಂತುಬಿಟ್ಟಿತು. ದೀಪ ಮಿಣಮಿಣ. ಇಷ್ಟು ದಿನ ಓಡದೆ ಹಳಿಯ ಮೇಲೆ ಧೂಳು ಕೂತಿತ್ತು. ಇವರು ನಿಂತದ್ದು ಸರಿಯಾಗಿ ಅದರ ಪಕ್ಕದಲ್ಲೇ. ಹಿಂದಾಗಿದ್ದರೆ ಮಾತಾಡುತ್ತಲೇ ಬೆರಳಿಂದ ತಳ್ಳಿಬಿಡುತ್ತಿದ್ದರು. ಈಗ ಎಡಗೈ ಮೇಲೆದ್ದಿತು, ಅರ್ಧಕ್ಕೆ ಹೋಯಿತು, ಹಿಂದೆ ಬಂತು. ಇನ್ನೊಮ್ಮೆ ಎದ್ದಿತು, ಹಿಂದೆ ಬಂತು. ಮಿಣುಗುವ ಬೆಳಕಿನಲ್ಲಿ ಇವರ ಮುಖ ಕಾಣುತ್ತಿತ್ತು. ಅಷ್ಟೆತ್ತರದ ಕಂಬದ ಮೇಲೆ ನಿಂತು ಸಿಳ್ಳೆ ಹಾಕುತ್ತಿದ್ದ ಮನುಷ್ಯ ಆಟದ ರೈಲಿನ ಎದುರು ನಿಂತು ಬೆವರುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಹೋಗಿ ಇವರ ಬಲಗೈಯನ್ನು ಜೇಬಿನಿಂದ ತೆಗೆದೆ. "ಬೇಡ" ಅಂದರು. ಮೊದಲು ನನ್ನ ಅಂಗೈಯನ್ನು ಎರಡೂ ಹಳಿಯ ಮೇಲೆ ಅಗಲವಾಗಿ ಇಟ್ಟೆ. ಕಂಟ್ರೋಲರು ಆನ್ ಇತ್ತು, ಅದು ಇವರಿಗೂ ಗೊತ್ತಿತ್ತು. ಆಮೇಲೆ ಇವರ ಕೈಯನ್ನು, ಮೂರು ಬೆರಳಿನ ಆ ಕೈಯನ್ನು, ನನ್ನ ಕೈಯ ಪಕ್ಕ ತಂದು ಹಳಿಗೆ ಒತ್ತಿ ಹಿಡಿದೆ. ಎಳೆದುಕೊಂಡರು. ಬಿಡಲಿಲ್ಲ. ಇವರ ನಾಡಿ ನನ್ನ ಬೆರಳಿಗೆ ಬಡಿಯುತ್ತಿತ್ತು, ಯಾರದು ಯಾವುದು ಅಂತ ತಿಳಿಯದಷ್ಟು. ಅತ್ತೆ ಸ್ಟೂಲಿನಿಂದ ಎದ್ದು ನಿಂತಿದ್ದರು.

"ಏನನ್ನಿಸ್ತಿದೆ?" ಅಂದೆ.

"ತಣ್ಣಗಿದೆ" ಅಂದರು.

ಆಮೇಲೆ ನಾನು ಕೈ ತೆಗೆದೆ. ಇವರದು ಅಲ್ಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅಂಗಿಯ ಅಂಚಿನಿಂದ ಧೂಳು ಒರೆಸಿ, ಎಂಜಿನ್ನಿನ ಬೆನ್ನಿಗೆ ಬೆರಳಿಟ್ಟು ಮೆಲ್ಲಗೆ ತಳ್ಳಿದರು. ಹೋಯಿತು.

ಕೈ ತೊಳೆಯಲು ಹೋದವಳು ಬಚ್ಚಲಲ್ಲೇ ಕೂತೆ. ಏನು ಹುಚ್ಚು ಮಾಡಿದೆ ನಾನು? ಇವರಿಗೆ ಏನಾದರೂ ಆಗಿದ್ದರೆ?

ಏಪ್ರಿಲ್ 28, ಸೋಮವಾರ

ಇವರು ಕೆಲಸಕ್ಕೆ ಹೋದರು. ಹೊಸದಾಗಿ ಸೇರಿದವರಿಗೆ ಕಲಿಸುವ ಕೆಲಸ ಕೊಟ್ಟಿದ್ದಾರೆ, ನೆಲದ ಮೇಲೆ ನಿಂತು. ಇವರೇ ಕೇಳಿ ಪಡೆದದ್ದು. ಮುಂದೆ ಯಾವತ್ತಾದರೂ ಹತ್ತುತ್ತಾರೋ ಇಲ್ಲವೋ ನಾನು ಕೇಳಲಿಲ್ಲ. ಕೊಕ್ಕರೆ ಬಂದು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದ. ಇಡೀ ದಿನ ಮೂರು ಸಲ ಹೊಲಿಗೆ ಬಿಚ್ಚಿ ಹಾಕಿದೆ. ಆಚೆ ಬೀದಿಯಲ್ಲಿ ಏನೋ ಢಬ್ ಅಂದರೆ ಸಾಕು, ಬಾಗಿಲಿಗೆ ಓಡುತ್ತಿದ್ದೆ.

ಸಂಜೆ ಬಂದರು. ಬೂಟು ಬಿಚ್ಚುತ್ತಾ ತಾವಾಗಿಯೇ ಹೇಳಿದರು. ಲೈನಿನಲ್ಲಿ ಕರೆಂಟು ಇದೆಯೇ ಎಂದು ಕೋಲಿನಿಂದ ಪರೀಕ್ಷೆ ಮಾಡುವುದನ್ನು ಎಲ್ಲರೆದುರು ತೋರಿಸಬೇಕಿತ್ತಂತೆ. ಕೋಲು ಎತ್ತಿದರೆ ಕೈ ನಡುಗಲು ಶುರುವಾಯಿತಂತೆ. ಕೋಲಿನ ತುದಿ ಮೇಲೆ ಗಾಳಿಪಟದ ಹಾಗೆ ಆಡುತ್ತಿದೆ, ಎಲ್ಲರೂ ನೋಡುತ್ತಿದ್ದಾರೆ.

"ಅದರಲ್ಲಿ ಒಬ್ಬಳು ಹುಡುಗಿ ಕೇಳಿದ್ಲು, ಸಾರ್, ಕೈ ನೋಯ್ತಿದೆಯಾ ಅಂತ. ಇಲ್ಲಮ್ಮ, ಭಯ ಅಂದೆ."

"ಹಾಗಂದ್ರಾ? ನಕ್ಕಿರಬೇಕು ಎಲ್ಲ."

"ಇಲ್ಲ. ಯಾರೂ ನಗಲಿಲ್ಲ." ಎರಡನೇ ಬೂಟು ಬಿಚ್ಚಿ ಪಕ್ಕಕ್ಕಿಟ್ಟರು. "ಎಲ್ಲರೂ ತಮ್ಮ ತಮ್ಮ ಗ್ಲೌಸು ತಿರುಗಿಸಿ, ಎಲ್ಲಾದ್ರೂ ತೂತಿದೆಯಾ ಅಂತ ಇನ್ನೊಂದು ಸಲ ನೋಡ್ಕೊಂಡ್ರು."